ಹದಿನಾರು ಸಾಲಿನ ಅಂಕಪಟ್ಟಿ

ಫ್ರಾನ್ಸಿಸ್ ಗಾಲ್ಟನ್ 1869ರಲ್ಲಿ ಪ್ರಕಟಿಸಿದ ‘ಹೆರಿಡಿಟರಿ ಜೀನಿಯಸ್’ ಪುಸ್ತಕದ ಮೊದಮೊದಲ ಅಧ್ಯಾಯಗಳಲ್ಲೇ ಒಂದು ಚಿಕ್ಕ ಕೋಷ್ಟಕ ಬರುತ್ತದೆ. ಎಡಗಡೆ ಅಂಕಗಳು, ಬಲಗಡೆ ಅಷ್ಟು ಅಂಕ ಪಡೆದವರ ಸಂಖ್ಯೆ. ಹದಿನಾರೇ ಸಾಲು. ಆ ಪುಸ್ತಕದ ವಾದ ಹಳಸಿದೆ, ಅದರಿಂದ ಕೇಡೂ ಸಾಕಷ್ಟು ಆಗಿದೆ. ಕೋಷ್ಟಕ ಮಾತ್ರ ಇವತ್ತಿಗೂ ಹೊಸದರಂತೆ ಇದೆ. ಗಣಿತ ಪರೀಕ್ಷೆಯೊಂದರ ಅಂಕಗಳನ್ನು ಎಣಿಸಿ, ಗುಂಪು ಮಾಡಿ, ಸಾಲಾಗಿ ಬರೆದಿಟ್ಟರೆ ಎಷ್ಟೆಲ್ಲ ಕಾಣಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಪರೀಕ್ಷೆ ಯಾವುದೆಂದರೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತ ಟ್ರೈಪಾಸ್. ಗಾಲ್ಟನ್ ಹೇಳುವಂತೆ ಆಗ ಅಲ್ಲಿ ವರ್ಷಕ್ಕೆ ನಾನೂರು, ನಾನೂರೈವತ್ತು ಜನ ಪದವಿ ಪಡೆಯುತ್ತಿದ್ದರು. ಅವರಲ್ಲಿ ಗಣಿತದಲ್ಲಿ ಆನರ್ಸ್ ಗಿಟ್ಟಿಸುತ್ತಿದ್ದವರು ನೂರರ ಆಸುಪಾಸು. ಎಂಟು ದಿನ, ದಿನಕ್ಕೆ ಐದೂವರೆ ಗಂಟೆ ಕೂತು ಬರೆಯಬೇಕು. ಎಲ್ಲರಿಗೂ ಅದೇ ಪ್ರಶ್ನೆಗಳು, ಅದೇ ಸಮಯ. ಕೊನೆಗೆ ಪರೀಕ್ಷಕರು ಅಂಕಗಳನ್ನು ಕೂಡಿ, ಮೊದಲನೆಯವನಿಂದ ಕೊನೆಯವನವರೆಗೆ ಒಬ್ಬೊಬ್ಬನಿಗೂ ಒಂದೊಂದು ಸ್ಥಾನ ಕೊಡುತ್ತಿದ್ದರು. ಮೊದಲ ನಲವತ್ತರಷ್ಟು ಜನ ರ‍್ಯಾಂಗ್ಲರ್‌ಗಳು; ಅವರ ಕೆಳಗೆ ಸೀನಿಯರ್ ಆಪ್ಟಿಮೆಗಳು, ಜೂನಿಯರ್ ಆಪ್ಟಿಮೆಗಳು. ಎಲ್ಲರಿಗೂ ಮೇಲಿನವನು ಸೀನಿಯರ್ ರ‍್ಯಾಂಗ್ಲರ್. ಅವನ ಹೆಸರು ದೇಶದ ಪತ್ರಿಕೆಗಳಲ್ಲಿ ಬರುತ್ತಿತ್ತು. ಕಟ್ಟಕಡೆಯವನಿಗೆ ಗೆಳೆಯರು ಮರದ ದೊಡ್ಡ ಸೌಟು ಕೊಡುತ್ತಿದ್ದರು. ಹೀಗೆ ಸ್ಥಾನಗಳು ಊರಿಗೆಲ್ಲ ಗೊತ್ತಾಗುತ್ತಿದ್ದವು. ಅಂಕಗಳು ಮಾತ್ರ ಹೊರಗೆ ಬರುತ್ತಿರಲಿಲ್ಲ.

ಸ್ಥಾನಕ್ಕೂ ಅಂಕಕ್ಕೂ ಇರುವ ವ್ಯತ್ಯಾಸದಿಂದಲೇ ಈ ಕೋಷ್ಟಕದ ರುಚಿ ಶುರುವಾಗುತ್ತದೆ. ಮೊದಲನೆಯವನು, ಎರಡನೆಯವನು, ಮೂರನೆಯವನು ಎಂದು ಹೇಳುತ್ತ ಹೋದರೆ ಎಲ್ಲರ ನಡುವೆಯೂ ಒಂದೇ ಅಳತೆಯ ಅಂತರವಿದ್ದಂತೆ ತೋರುತ್ತದೆ. ನಿಜವಾಗಿ ಆ ಅಂತರಗಳು ಎಷ್ಟೆಷ್ಟು ಎಂದು ಗಾಲ್ಟನ್‌ಗೆ ತಿಳಿಯಬೇಕಿತ್ತು. ಒಬ್ಬ ಪರೀಕ್ಷಕರು ತಮ್ಮ ಬಳಿಯಿದ್ದ ಎರಡು ವರ್ಷದ ಅಂಕಗಳನ್ನು ನಂಬಿಕೆಯ ಮೇಲೆ ಅವನಿಗೆ ಕೊಟ್ಟರು. ಪ್ರತಿ ವರ್ಷವೂ ಪರೀಕ್ಷೆಗೆ ಒಟ್ಟು 17,000 ಅಂಕ. ಪರೀಕ್ಷಕರು ಅಂಕ ಕೊಡುವ ಮಾನ ವರ್ಷವರ್ಷಕ್ಕೆ ಬೇರೆಯಾಗಬಹುದಿತ್ತು; ಈ ಎರಡು ವರ್ಷದ್ದು ಬಹುಪಾಲು ಒಂದೇ ಆಗಿದ್ದುದರಿಂದ, ಅನುಪಾತದಲ್ಲಿ ಸ್ವಲ್ಪವೇ ಹೊಂದಿಸಿ ಎರಡನ್ನೂ ಒಂದೇ ಕೋಷ್ಟಕದಲ್ಲಿ ಸೇರಿಸಿದ.

ಈಗ ಸಾಲುಗಳನ್ನು ನಿಧಾನವಾಗಿ ಓದೋಣ. 500ಕ್ಕಿಂತ ಕಡಿಮೆ ಅಂಕ ಪಡೆದವರು 24 ಜನ. 500ರಿಂದ 1000ದವರೆಗೆ 74. ಅಲ್ಲಿಂದ ಮುಂದೆ ಐನೂರು ಐನೂರರ ಹೆಜ್ಜೆಯಲ್ಲಿ 38, 21, 11, 8, ಮತ್ತೆ 11, ಆಮೇಲೆ 5, 2, 1, 3, 1. ನಂತರ ಒಂದರ ಕೆಳಗೊಂದು ಮೂರು ಸೊನ್ನೆ. ಕೊನೆಯ ಸಾಲು 7500ರಿಂದ 8000, ಅಲ್ಲಿ 1. ಕೂಡಿದರೆ 200.

ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರಿಗೆ ಈ ಆಕಾರ ಗೊತ್ತಿರುತ್ತದೆ. ಕಡಲಿನಿಂದ ಸ್ವಲ್ಪವೇ ದೂರದಲ್ಲಿ ನೆಲ ಒಮ್ಮೆಲೇ ಕಡಿದಾಗಿ ಏರುತ್ತದೆ. ನೆತ್ತಿ ದಾಟಿದ ಮೇಲೆ ಮೂಡಣಕ್ಕೆ ನೂರಾರು ಮೈಲಿ ಇಳಿಜಾರು. 24ರಿಂದ 74ಕ್ಕೆ ಒಂದೇ ಹೆಜ್ಜೆಯ ಏರು. ಆ 74ರಿಂದ ಕೊನೆಯ ಒಂಟಿ 1ರವರೆಗೆ ಹದಿನಾಲ್ಕು ಹೆಜ್ಜೆಯ ಇಳಿತ. ನಡುವೆ 8 ಆದ ಮೇಲೆ 11 ಬಂದು ಒಂದು ಸಣ್ಣ ಉಬ್ಬು. ಇನ್ನೂರೇ ಜನರಿರುವಾಗ ಇಂಥ ಅಲುಗಾಟ ಸಹಜ. ಗಾಲ್ಟನ್ ಅದನ್ನು ತಿದ್ದಿ ನಯಮಾಡಲು ಹೋಗಲಿಲ್ಲ ಎಂಬುದು ನನಗೆ ಸಂತೋಷದ ವಿಷಯ.

ವರ್ಗಾಂತರವನ್ನು 500 ಎಂದು ಆರಿಸಿಕೊಂಡದ್ದರಲ್ಲೂ ಒಂದು ಹದವಿದೆ. ಅದನ್ನೇ 1000 ಮಾಡಿ ನೋಡಿದೆ: 98, 59, 19, 16, 3, 4, 0, 1. ಸಂಖ್ಯೆಗಳು ಅವೇ, ಜನರೂ ಅವರೇ. ಆದರೆ ಎಡಗಡೆಯ ಏರು ಮಾಯವಾಗಿ ಬರೀ ಇಳಿತ ಉಳಿಯಿತು. ಕಡಿಮೆ ಅಂಕ ಪಡೆದಷ್ಟೂ ಜನ ಹೆಚ್ಚು ಎಂಬ ತಪ್ಪು ಚಿತ್ರ ಬಂತು. ಬಹುಲಕದ (ಅತಿ ಹೆಚ್ಚು ಜನರಿರುವ) ಸಾಲು 500–1000 ಎಂಬುದು, ಅಂದರೆ ಅತಿ ಕಡಿಮೆ ಅಂಕದವರೂ ಸಂಖ್ಯೆಯಲ್ಲಿ ಕಡಿಮೆಯೇ ಎಂಬುದು, ಸಣ್ಣ ಹೆಜ್ಜೆ ಇಟ್ಟಾಗ ಮಾತ್ರ ಕಂಡೀತು. ಎಷ್ಟು ಅಗಲದ ವರ್ಗ ಎಂಬ ತೀರ್ಮಾನವನ್ನು ಕೋಷ್ಟಕ ಮಾಡುವವರು ಮೊದಲೇ ತೆಗೆದುಕೊಂಡಿರುತ್ತಾರೆ, ಓದುವವರು ಅದನ್ನು ಗಮನಿಸುವುದು ಕಡಿಮೆ.

ಆ ಮೂರು ಸೊನ್ನೆಗಳ ಬಳಿ ನಾನು ಬಹಳ ಹೊತ್ತು ನಿಂತಿದ್ದೇನೆ. 6000ದಿಂದ 7500ರವರೆಗೆ ಒಬ್ಬನೂ ಇಲ್ಲ. ಹದಿನೈದುನೂರು ಅಂಕದ ಖಾಲಿ ಜಾಗ, ಅದರಾಚೆ ಒಬ್ಬನೇ ಮನುಷ್ಯ. ಗಾಲ್ಟನ್ ಮುಂದುವರಿದು, ಎರಡು ವರ್ಷಗಳಲ್ಲಿ ಹೆಚ್ಚು ವಿಶೇಷವಾದ ವರ್ಷದ ಮೂರು ಅಂಕಗಳನ್ನು ಹಾಗೇ ಕೊಡುತ್ತಾನೆ: ಸೀನಿಯರ್ ರ‍್ಯಾಂಗ್ಲರ್‌ಗೆ 7634, ಎರಡನೆಯವನಿಗೆ 4123, ಆನರ್ಸ್ ಪಟ್ಟಿಯ ಕೊನೆಯವನಿಗೆ 237. ಈ ಮೂರು ಸಂಖ್ಯೆಗಳನ್ನು ಕೈಯಲ್ಲಿ ಹಿಡಿದು ಮತ್ತೆ ಕೋಷ್ಟಕಕ್ಕೆ ಬಂದರೆ ಅದು ಬೇರೆಯೇ ಕಾಣುತ್ತದೆ. ಆ ವರ್ಷ ಎರಡನೆಯವನದ್ದೇ 4123 ಎಂದಮೇಲೆ, 4500ರಿಂದ 6000ದವರೆಗಿನ ಮೂರು ಸಾಲುಗಳಲ್ಲಿರುವ ಐವರೂ ಇನ್ನೊಂದು ವರ್ಷದವರು. ಅಂದರೆ ಆ ಇನ್ನೊಂದು ವರ್ಷದ ಮೊದಲನೆಯವನು 5500–6000ದ ಸಾಲಿನಲ್ಲಿದ್ದಾನೆ. ಮೂರು ಸೊನ್ನೆಗಳು ಒಂದು ವರ್ಷದ ಮೊದಲಿಗನಿಗೂ ಇನ್ನೊಂದು ವರ್ಷದ ಮೊದಲಿಗನಿಗೂ ನಡುವೆ ಬಿದ್ದ ಬಿರುಕು. ಒಂದೇ ಕೊಠಡಿಯಲ್ಲಿ ಕೂತು ಬರೆದ ಮೊದಲನೆಯ ಮತ್ತು ಎರಡನೆಯವರ ನಡುವಿನ ನಿಜವಾದ ಅಂತರ 3511 ಅಂಕ, ಕೋಷ್ಟಕ ತೋರಿಸುವುದರ ಎರಡು ಪಟ್ಟಿಗಿಂತ ಹೆಚ್ಚು. ಎರಡು ಗುಂಪುಗಳನ್ನು ಬೆರೆಸಿದಾಗ ಒಂದರ ಖಾಲಿ ಜಾಗವನ್ನು ಇನ್ನೊಂದು ಹೀಗೆ ಸದ್ದಿಲ್ಲದೆ ತುಂಬಿಬಿಡುತ್ತದೆ.

ಇನ್ನೊಬ್ಬ ಪರೀಕ್ಷಕರಿಂದ ಬಂದ ಮತ್ತೊಂದು ವರ್ಷದ ಅಂಕಗಳೂ ಪುಸ್ತಕದಲ್ಲಿವೆ: ಮೊದಲನೆಯವನು 9422, ಎರಡನೆಯವನು 5642, ಕೊನೆಯವನು 309. ಅಲ್ಲೂ ಮೇಲಿನವನಿಗೂ ಕೆಳಗಿನವನಿಗೂ ಮೂವತ್ತು ಪಟ್ಟು.

ಈಗ ನಡುವನ್ನು ಹುಡುಕೋಣ. 1869ರಲ್ಲಿ ಗಾಲ್ಟನ್ ಇದನ್ನು ಮಾಡಿರಲಿಲ್ಲ. ಮಧ್ಯಾಂಕವನ್ನು ಅವನು ಮುಂದೆ 1880ರ ದಶಕದಲ್ಲಿ ತನ್ನ ನೆಚ್ಚಿನ ಉಪಕರಣ ಮಾಡಿಕೊಂಡ. ಇನ್ನೂರು ಜನರನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವರು ನೂರನೆಯವನು ಮತ್ತು ನೂರಾಒಂದನೆಯವನು. ಮೊದಲ ಎರಡು ಸಾಲುಗಳಲ್ಲೇ 98 ಜನ ಮುಗಿದರು. ಆದ್ದರಿಂದ ನಡುವಿನವರು ಮೂರನೆಯ ಸಾಲಿನ ಹೊಸ್ತಿಲಲ್ಲೇ ಸಿಗುತ್ತಾರೆ. ಹತ್ತನೇ ತರಗತಿಯ ಸೂತ್ರ ಹಾಕಿದರೆ ಮಧ್ಯಾಂಕ ಸುಮಾರು 1026. ಇನ್ನು ಸರಾಸರಿ: ಪ್ರತಿ ಸಾಲಿನವರಿಗೂ ಆ ಸಾಲಿನ ಮಧ್ಯಬಿಂದುವಿನಷ್ಟು ಅಂಕ ಎಂದು ಹಿಡಿದು ಕೂಡಿದರೆ 2,89,500, ಇನ್ನೂರರಿಂದ ಭಾಗಿಸಿದರೆ 1447.5.

ಎರಡೂ ‘ನಡು’ವೇ, ಆದರೆ ಒಂದಕ್ಕೊಂದು 421 ಅಂಕ ದೂರ. ಮಧ್ಯಾಂಕ ಜನರನ್ನು ಎಣಿಸುತ್ತದೆ. ಸೀನಿಯರ್ ರ‍್ಯಾಂಗ್ಲರ್ 7634 ಪಡೆದನೋ 17,000 ಪಡೆದನೋ ಅದಕ್ಕೆ ಲೆಕ್ಕವಿಲ್ಲ. ಸರಾಸರಿ ಅಂಕಗಳನ್ನು ತೂಗುತ್ತದೆ, ಹಾಗಾಗಿ ದೂರ ನಿಂತವನು ಬಲವಾಗಿ ಎಳೆಯುತ್ತಾನೆ. ಕೊನೆಯ ಸಾಲಿನ ಆ ಒಬ್ಬನನ್ನು ತೆಗೆದು ಮತ್ತೆ ಲೆಕ್ಕ ಹಾಕಿದರೆ ಸರಾಸರಿ 32 ಅಂಕ ಕೆಳಗಿಳಿಯುತ್ತದೆ, ಮಧ್ಯಾಂಕ ಆರೇಳು ಅಂಕ. ಇನ್ನೂರರಲ್ಲಿ ಸುಮಾರು 132 ಜನ, ಮೂರರಲ್ಲಿ ಎರಡು ಪಾಲು, ಸರಾಸರಿಗಿಂತ ಕೆಳಗಿದ್ದಾರೆ. ಗಾಲ್ಟನ್ ಹೇಳುವಂತೆ ಕೊನೆಯ ರ‍್ಯಾಂಗ್ಲರ್‌ಗೆ ಸುಮಾರು 1500 ಅಂಕ ಬರುತ್ತಿತ್ತು. ಈ ಪರೀಕ್ಷೆಯಲ್ಲಿ ಸರಾಸರಿ ಮುಟ್ಟಬೇಕಾದರೇ ರ‍್ಯಾಂಗ್ಲರ್ ಆಗುವಷ್ಟು ಹತ್ತಿರ ಬಂದಿರಬೇಕಿತ್ತು! ‘ಸರಾಸರಿ ವಿದ್ಯಾರ್ಥಿ’ ಎಂದು ನಾವು ಹಗುರವಾಗಿ ಆಡುವ ಮಾತು ಇಂಥ ಆಕಾರದ ಮುಂದೆ ನಿಲ್ಲುವುದಿಲ್ಲ.

ಹರಡಿಕೆಯ ಅಳತೆಗೆ ಮಾನಕ ವಿಚಲನೆ. ಆ ಹೆಸರನ್ನೂ ಅದರ ಇಂದಿನ ಬಳಕೆಯನ್ನೂ 1890ರ ದಶಕದಲ್ಲಿ ಕೊಟ್ಟವನು ಕಾರ್ಲ್ ಪಿಯರ್ಸನ್. ಅವನು ಇದೇ ಟ್ರೈಪಾಸ್‌ನಲ್ಲಿ 1879ರ ಮೂರನೆಯ ರ‍್ಯಾಂಗ್ಲರ್. (ಪಿಯರ್ಸನ್‌ನ ನಂತರದ ದೊಡ್ಡ ಹೆಸರು ರೊನಾಲ್ಡ್ ಫಿಶರ್, ಅವನೂ 1912ರ ರ‍್ಯಾಂಗ್ಲರ್. ಫಿಶರ್ ಬಳಿ ಕೇಂಬ್ರಿಜ್‌ನಲ್ಲಿ 1948ರಲ್ಲಿ ಪಿಎಚ್.ಡಿ. ಮುಗಿಸಿದವರು ಸಿ. ಆರ್. ರಾವ್, ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು. ಟ್ರೈಪಾಸ್ ಕೊಠಡಿಯಿಂದ ಹೊರಟ ಈ ಜಾಡು ಅಷ್ಟು ದೂರ ಬಂದಿದೆ.) ಈ ಕೋಷ್ಟಕಕ್ಕೆ ಆ ಅಳತೆ ಹಾಕಿದೆ. ಪ್ರತಿ ಸಾಲೂ ಸರಾಸರಿಯಿಂದ ಎಷ್ಟು ದೂರ, ಆ ದೂರದ ವರ್ಗ, ವರ್ಗಗಳ ಸರಾಸರಿ, ಅದರ ವರ್ಗಮೂಲ: ಬಂದದ್ದು ಸುಮಾರು 1194.

ಸರಾಸರಿ 1447 ಇರುವಲ್ಲಿ ವಿಚಲನೆ 1194 ಎಂದರೆ ಬೆರಗಾಗಬೇಕು. ಸರಾಸರಿಯಿಂದ ಎರಡು ವಿಚಲನೆ ಕೆಳಗೆ ಇಳಿದರೆ ಸೊನ್ನೆಗಿಂತ 940 ಅಂಕ ಕೆಳಗೆ ಹೋಗುತ್ತೇವೆ, ಅಲ್ಲಿ ಯಾರೂ ಇರಲಾರರು. ಮೇಲ್ಗಡೆ 7634ರವನು ಸರಾಸರಿಯಿಂದ ಐದು ವಿಚಲನೆಗೂ ಆಚೆ ನಿಂತಿದ್ದಾನೆ. ಎಡಬಲ ಸಮನಾದ ಗಂಟೆಯಾಕಾರದ ವಕ್ರರೇಖೆಗೆ ಇಂಥ ಅಂಕಗಳು ಒಗ್ಗುವುದಿಲ್ಲ ಎಂದು ಈ ಎರಡು ಸಂಖ್ಯೆಗಳೇ ಹೇಳಿಬಿಡುತ್ತವೆ. ವಿಶೇಷವೆಂದರೆ ಗಾಲ್ಟನ್ ಆ ರೇಖೆಯ ಮಹಾ ಅಭಿಮಾನಿ. ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಕೆಟ್ಲೆ ಸ್ಕಾಟ್ಲೆಂಡಿನ 5738 ಸೈನಿಕರ ಎದೆಯಳತೆಯಲ್ಲಿ ಕಂಡ ನಿಯಮವನ್ನು ಅವನು ಬುದ್ಧಿಗೂ ಹಚ್ಚಲು ಹೊರಟಿದ್ದ. ಅದಕ್ಕೆ ಅವನು ಆರಿಸಿಕೊಂಡ ಪರೀಕ್ಷಾ ಅಂಕಗಳು ಬೇರೆ: ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನ ಪ್ರವೇಶಕ್ಕೆ 1868ರಲ್ಲಿ ಬರೆದ 73 ಅಭ್ಯರ್ಥಿಗಳದ್ದು. ಟ್ರೈಪಾಸ್ ಕೋಷ್ಟಕವನ್ನು ಅವನು ಮನುಷ್ಯ ಮನುಷ್ಯರ ನಡುವಿನ ಅಂತರ ಎಷ್ಟು ಅಗಾಧ ಎಂದು ತೋರಿಸಲು ಮಾತ್ರ ಬಳಸಿದ. ತನ್ನ ಸಿದ್ಧಾಂತಕ್ಕೆ ಒಗ್ಗದ ಆಕಾರವನ್ನು ಹಾಗೇ ಅಚ್ಚುಹಾಕಿಸಿದ್ದಕ್ಕೆ ನಾನು ಅವನಿಗೆ ಋಣಿ.

17,000 ಎಂಬ ಸಂಖ್ಯೆಯನ್ನೂ ಮರೆಯಬಾರದು. ನಲವತ್ನಾಲ್ಕು ಗಂಟೆಯ ಪರೀಕ್ಷೆ, ಗಂಟೆಗೆ ಸುಮಾರು 386 ಅಂಕ. ಅಷ್ಟೆಲ್ಲರನ್ನೂ ಹಿಂದೆ ಹಾಕಿದ ಸೀನಿಯರ್ ರ‍್ಯಾಂಗ್ಲರ್ ಪಡೆದದ್ದು ನೂರಕ್ಕೆ 45. ಮಧ್ಯಾಂಕದ ವಿದ್ಯಾರ್ಥಿಗೆ ನೂರಕ್ಕೆ ಆರು. ಪೂರ್ತಿ ಬರೆದು ಮುಗಿಸಲಾಗದ ಪತ್ರಿಕೆ ಅದು. ತಲೆ ತಾಗುವ ಸೂರು ಇಲ್ಲದ್ದರಿಂದಲೇ ಮೇಲ್ತುದಿಯವರು ಒತ್ತೊತ್ತಾಗಿ ಸಿಕ್ಕಿಕೊಳ್ಳದೆ ಬಿಡಿಬಿಡಿಯಾಗಿ ಕಾಣುತ್ತಾರೆ. ಪತ್ರಿಕೆ ಸುಲಭವಾಗಿದ್ದರೆ ಇದೇ ಇನ್ನೂರು ಜನ ಬಲತುದಿಯಲ್ಲಿ ಗುಂಪಾಗಿ, ಬಾಲ ಎಡಕ್ಕೆ ಚಾಚುತ್ತಿತ್ತು. ಆದ್ದರಿಂದ ಈ ಓರೆ ಜನರದ್ದು ಎಷ್ಟೋ ಪ್ರಶ್ನೆಗಳದ್ದೂ ಅಷ್ಟೇ.

ಗಾಲ್ಟನ್ ತಪ್ಪಿದ್ದು ಇಲ್ಲೇ ಎಂದು ನನ್ನ ಅಭಿಪ್ರಾಯ. 7634 ಮತ್ತು 237ರ ನಡುವಿನ ಮೂವತ್ತೆರಡು ಪಟ್ಟನ್ನು ಅವನು ಹುಟ್ಟಿನಿಂದ ಬಂದ ಶಕ್ತಿಯ ಅಳತೆ ಎಂದೇ ಓದಿಕೊಂಡ. ಆ ಓದು 1883ರ ಹೊತ್ತಿಗೆ ಯುಜೆನಿಕ್ಸ್ ಎಂಬ ಹೆಸರು ಪಡೆದು ಮುಂದಿನ ಶತಮಾನದಲ್ಲಿ ಮಾಡಿದ ಅನಾಹುತ ಎಲ್ಲರಿಗೂ ಗೊತ್ತು. ಅಂಕಗಳು ಹಾಗೆಂದು ಹೇಳಿರಲಿಲ್ಲ. ಕೇಂಬ್ರಿಜ್‌ನಲ್ಲಿ ಆಗ ಟ್ರೈಪಾಸ್‌ಗೆ ತಯಾರು ಮಾಡುತ್ತಿದ್ದವರು ಖಾಸಗಿ ಮೇಷ್ಟ್ರುಗಳು. ವಿಲಿಯಂ ಹಾಪ್‌ಕಿನ್ಸ್ ಬಳಿ ಕಲಿತ ಎಡ್ವರ್ಡ್ ರೌತ್ 1854ರಲ್ಲಿ ಸೀನಿಯರ್ ರ‍್ಯಾಂಗ್ಲರ್ ಆದ. ಅದೇ ಹಾಪ್‌ಕಿನ್ಸ್‌ನ ಇನ್ನೊಬ್ಬ ಶಿಷ್ಯ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎರಡನೆಯವನಾದ. ಮುಂದೆ ರೌತ್ ತಾನೇ ಮೇಷ್ಟ್ರಾಗಿ ಇಪ್ಪತ್ತಕ್ಕೂ ಹೆಚ್ಚು ಸೀನಿಯರ್ ರ‍್ಯಾಂಗ್ಲರ್‌ಗಳನ್ನು ತಯಾರು ಮಾಡಿದ. ಒಬ್ಬನೇ ಮೇಷ್ಟ್ರ ಮನೆಯಿಂದ ಅಷ್ಟು ಮೊದಲಿಗರು ಬಂದರೆಂದ ಮೇಲೆ ಕಲಿಸಿದ್ದರ ಪಾಲೂ ಆ ಅಂಕಗಳಲ್ಲಿ ಇರಲೇಬೇಕು. ವಿದ್ಯುತ್ತು, ಬೆಳಕು, ಕಾಂತತೆಯನ್ನು ಒಂದು ಮಾಡಿದ ಮ್ಯಾಕ್ಸ್‌ವೆಲ್ ಎರಡನೆಯ ಸಾಲಿನವನು ಎಂಬುದನ್ನೂ ನೆನೆಯಬೇಕು. ಗಾಲ್ಟನ್ ಸ್ವತಃ ಅಲ್ಲೇ ಟ್ರಿನಿಟಿ ಕಾಲೇಜಿನಲ್ಲಿ ಗಣಿತ ಓದುತ್ತ ಆರೋಗ್ಯ ಕೆಡಿಸಿಕೊಂಡು, ಆನರ್ಸ್ ಬಿಟ್ಟು ಸಾಮಾನ್ಯ ಪದವಿ ಪಡೆದು ಹೊರಬಂದವನು. ತನ್ನದೇ ಕೋಷ್ಟಕದಲ್ಲಿ ಅವನಿಗೆ ಸಾಲಿಲ್ಲ.

ಹೆಂಗಸರಿಗೂ ಸಾಲಿಲ್ಲ. 1890ರಲ್ಲಿ ನ್ಯೂನಮ್ ಕಾಲೇಜಿನ ಫಿಲಿಪಾ ಫಾಸೆಟ್ ಟ್ರೈಪಾಸ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಪಡೆದಳು. ಹೆಂಗಸರ ಹೆಸರನ್ನು ಬೇರೆಯಾಗಿ ಓದುವ ರೂಢಿಯಿತ್ತು. ಅವಳ ಸ್ಥಾನವನ್ನು ‘ಸೀನಿಯರ್ ರ‍್ಯಾಂಗ್ಲರ್‌ಗಿಂತ ಮೇಲೆ’ ಎಂದು ಘೋಷಿಸಿದರು. ಸೀನಿಯರ್ ರ‍್ಯಾಂಗ್ಲರ್ ಎಂಬ ಪಟ್ಟ ಗಂಡಸಿನ ಬಳಿಯೇ ಉಳಿಯಿತು, ಯಾರ ಸ್ಥಾನವೂ ಒಂದು ಮೆಟ್ಟಿಲು ಇಳಿಯಲಿಲ್ಲ. ಅಂಕ ಎಣಿಕೆಗೆ ಬಂತು, ಅಂಕ ಪಡೆದವಳು ಎಣಿಕೆಗೆ ಬರಲಿಲ್ಲ. ಕೇಂಬ್ರಿಜ್ ಹೆಂಗಸರಿಗೆ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ. ಅಷ್ಟರಲ್ಲಿ ಸ್ಥಾನಗಳನ್ನು ಒಂದೊಂದಾಗಿ ಓದುವ ಪದ್ಧತಿಯೇ 1909ರ ಪಟ್ಟಿಯೊಂದಿಗೆ ನಿಂತುಹೋಗಿತ್ತು.

ಕೋಷ್ಟಕದ ಅಡಿಟಿಪ್ಪಣಿಯೂ ನನಗೆ ಪ್ರಿಯ. ಪ್ರತಿ ವರ್ಷದಿಂದ ಮೊದಲ ನೂರು ಜನರನ್ನು ಮಾತ್ರ ತೆಗೆದುಕೊಂಡಿದ್ದೇನೆ, ಉಳಿದ ಕೆಲವರನ್ನು ಬಿಟ್ಟಿದ್ದೇನೆ ಎಂದು ಗಾಲ್ಟನ್ ಅಲ್ಲಿ ತಿಳಿಸುತ್ತಾನೆ. ಆನರ್ಸ್ ಪಡೆದವರ ನಿಖರ ಸಂಖ್ಯೆ ಕೊಟ್ಟರೆ ಅದರಿಂದಲೇ ಯಾವ ವರ್ಷವೆಂದು ಯಾರಾದರೂ ಪತ್ತೆಹಚ್ಚಿಯಾರು, ನಂಬಿ ಅಂಕ ಕೊಟ್ಟವರಿಗೆ ದ್ರೋಹವಾದೀತು ಎಂಬ ಎಚ್ಚರ. ಹೆಸರು ಮುಚ್ಚಿದರಷ್ಟೇ ಸಾಲದು, ಒಂದು ಮೊತ್ತ ಕೂಡ ಗುಟ್ಟು ಬಿಟ್ಟುಕೊಟ್ಟೀತು ಎಂದು 1869ರಲ್ಲೇ ಅವನಿಗೆ ಹೊಳೆದಿತ್ತು.

ಇನ್ನು ಈ ಪುಟಗಳಲ್ಲಿ ನನಗೆ ಎಲ್ಲಕ್ಕಿಂತ ಸುಂದರವಾಗಿ ಕಂಡದ್ದು ಒಂದು ವಾಕ್ಯದೊಳಗಿನ ಮೂರು ಸಂಖ್ಯೆ. ಪಟ್ಟಿಯ ಕೊನೆಯವನಿಗೆ 300ಕ್ಕಿಂತ ಕಡಿಮೆ, ಕೊನೆಯ ರ‍್ಯಾಂಗ್ಲರ್‌ಗೆ ಸುಮಾರು 1500, ಸೀನಿಯರ್ ರ‍್ಯಾಂಗ್ಲರ್‌ಗೆ 7500ಕ್ಕಿಂತ ಹೆಚ್ಚು ಎನ್ನುತ್ತಾನೆ ಗಾಲ್ಟನ್. ಕಳೆದು ನೋಡಿದರೆ 1500 ಎಂಬುದು ಕೆಳತುದಿಗೆ ಅಂಟಿಕೊಂಡಂತಿದೆ: ಕೆಳಗೆ 1200ರ ಅಂತರ, ಮೇಲೆ 6000ದ್ದು. ಭಾಗಿಸಿ ನೋಡಿದರೆ ಅದೇ 1500 ನಟ್ಟನಡುವೆ ಬಂದು ನಿಲ್ಲುತ್ತದೆ: ಕೆಳಗಿನವನ ಐದು ಪಟ್ಟು, ಮೇಲಿನವನ ಐದನೇ ಒಂದು. ಗಾಲ್ಟನ್ ಕೂಡ ಅದನ್ನು ಪಟ್ಟುಗಳಲ್ಲೇ ಹೇಳುತ್ತಾನೆ. ಕೂಡುವ ಕಳೆಯುವ ಅಳತೆಯಲ್ಲಿ ಓರೆಯಾಗಿದ್ದ ಬೆಟ್ಟ, ಗುಣಿಸುವ ಭಾಗಿಸುವ ಅಳತೆಯಲ್ಲಿ ನೆಟ್ಟಗೆ ನಿಲ್ಲತೊಡಗುತ್ತದೆ.

ಈ ಹೊಳಹನ್ನು ಅವನು ಹತ್ತು ವರ್ಷದ ಮೇಲೆ ಮತ್ತೆ ಕೈಗೆತ್ತಿಕೊಂಡ. 1879ರಲ್ಲಿ ರಾಯಲ್ ಸೊಸೈಟಿಯ ಮುಂದೆ ಗಾಲ್ಟನ್ ಗುಣೋತ್ತರ ಸರಾಸರಿಯ ಬಗ್ಗೆ ಚಿಕ್ಕ ಲೇಖನವೊಂದನ್ನು ಇಟ್ಟ. ಅದರ ಗಣಿತವನ್ನು ಬೆನ್ನಿಗೇ ಬಿಡಿಸಿ ಕೊಟ್ಟವನು ಡೊನಾಲ್ಡ್ ಮ್ಯಾಕ್‌ಅಲಿಸ್ಟರ್, 1877ರ ಸೀನಿಯರ್ ರ‍್ಯಾಂಗ್ಲರ್, ಮುಂದೆ ವೈದ್ಯನಾಗಿ ಗ್ಲಾಸ್ಗೋ ವಿಶ್ವವಿದ್ಯಾಲಯವನ್ನು ನಡೆಸಿದವನು. ಅಂಕಗಳ ಬದಲು ಅಂಕಗಳ ಲಾಗರಿದಮ್ ತೆಗೆದುಕೊಂಡರೆ ಗಂಟೆಯಾಕಾರ ಮರಳುತ್ತದೆ ಎಂಬುದು ಅದರ ತಿರುಳು. ಇಂದು ಲಾಗ್‌ನಾರ್ಮಲ್ ಎನ್ನುವ ವಿತರಣೆಯ ಹುಟ್ಟು ಅಲ್ಲಿ. ಗುಂಪನ್ನು ನಾಲ್ಕು ಪಾಲು ಮಾಡುವ ಮೇಲಿನ ಮತ್ತು ಕೆಳಗಿನ ಚತುರ್ಥಕಗಳು ಆ ಹೆಸರಿನಿಂದ ಕಾಣಿಸಿಕೊಂಡದ್ದೂ ಮ್ಯಾಕ್‌ಅಲಿಸ್ಟರ್‌ನ ಆ ಲೇಖನದಲ್ಲೇ.

ಆ ಚತುರ್ಥಕಗಳನ್ನೇ ಈ ಕೋಷ್ಟಕಕ್ಕೆ ಹಾಕಿ ನೋಡಿದೆ. ಕೆಳಗಿನದು ಸುಮಾರು 676, ನಡುವಿನದು 1026, ಮೇಲಿನದು 1833. ಅಂತರಗಳಲ್ಲಿ 350 ಮತ್ತು 807, ಒಂದು ಇನ್ನೊಂದರ ಎರಡು ಪಟ್ಟಿಗೂ ಹೆಚ್ಚು. ಪಟ್ಟುಗಳಲ್ಲಿ 1.52 ಮತ್ತು 1.79. ಬಹಳ ಹತ್ತಿರ ಬಂತು, ಪೂರ್ತಿ ಸಮವಾಗಲಿಲ್ಲ. ಲಾಗರಿದಮ್ ತೆಗೆದ ಮೇಲೂ ಬಾಲ ಬಲಕ್ಕೆ ಕೊಂಚ ಎಳೆದಿದೆ. ಪಟ್ಟಿಯ ತಳದಲ್ಲಿ ಬಿಟ್ಟುಹೋದವರನ್ನು ಸೇರಿಸಿದ್ದರೆ ಎಡಬದಿ ಇನ್ನಷ್ಟು ಚಾಚಿ ಎರಡು ಪಟ್ಟುಗಳು ಒಂದಕ್ಕೊಂದು ಇನ್ನೂ ಹತ್ತಿರವಾಗುತ್ತಿದ್ದವು. ಅವರು ಎಷ್ಟು ಜನ ಎಂಬುದನ್ನು ಗಾಲ್ಟನ್ ಬೇಕೆಂದೇ ಬರೆದಿಟ್ಟಿಲ್ಲ.